ಉಲ್ಲೇಖಪಟ್ಟಿಯಲ್ಲಿ ಮಸಗುಪ್ಪಿಯ ನೀಲವ್ವ

ಹೋದ ತಿಂಗಳು ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಕಾರಕೂನರು ಗೋಕಾಕದ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಅವರ ಸಾಹೇಬರು ಬರೆದ ಒಂದು ವೈಜ್ಞಾನಿಕ ಲೇಖನ ಪತ್ರಿಕೆಯವರಿಂದ ಮೂರನೆಯ ಸಲ ವಾಪಸು ಬಂದಿತ್ತಂತೆ. ಲೇಖನದಲ್ಲಿ ದೋಷವಿಲ್ಲ. ಅದರ ಕೊನೆಗೆ ಒಂದು ಉಲ್ಲೇಖಪಟ್ಟಿ ಇರುತ್ತದಲ್ಲ, ಬರೆದವರು ಯಾರ ಯಾರ ಬರಹವನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆಂದು ತೋರಿಸುವ ಪಟ್ಟಿ, ಅದು ಪತ್ರಿಕೆಯ ಪದ್ಧತಿಯಂತೆ ಇಲ್ಲ ಎಂಬುದೇ ತಕರಾರು.

"ಒಂದ್ ಹೆಸರು ಹಿಂದ ಮುಂದ ಆದ್ರ ಯಾರ ಗಂಟು ಹೋಗತೈತ್ರಿ?" ಎಂದು ಒಬ್ಬ ಬೇಸರದಿಂದ ಕೇಳಿದ.

ಚಹಾ ಕೊಟ್ಟು, ಪಟ್ಟಿ ಸರಿಮಾಡಿ ಕಳಿಸಿದೆ. ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರೂ ಏನೂ ಕಲಿಯಲಾರರು.

ನನ್ನ ಹುಟ್ಟೂರು ಹುಕ್ಕೇರಿ. ಮನೆಯದು ಕಿರಾಣಿ ಅಂಗಡಿ. ಮೆಟ್ರಿಕ್ ಮುಗಿಸಿ, ಬೆಳಗಾವಿಯಲ್ಲಿ ಟೈಪಿಂಗ್ ಕಲಿತು, ಗೋಕಾಕದಿಂದ ಮೂಡಲಗಿಯ ಕಡೆ ಹೋಗುವ ದಾರಿಯಲ್ಲಿದ್ದ ಸರ್ಕಾರಿ ಪ್ರಯೋಗ ಕ್ಷೇತ್ರಕ್ಕೆ ಕಾರಕೂನನಾಗಿ ಬಂದೆ. ಹಿಂದಿನ ಮಹಾಯುದ್ಧ ಮುಗಿದು ಬಹಳ ದಿನಗಳಾಗಿರಲಿಲ್ಲ. ಕ್ಷೇತ್ರದ ಮುಖ್ಯಸ್ಥರು ಇನಾಮದಾರ ಸಾಹೇಬರು. ಧಾರವಾಡದ ಕಡೆಯವರು, ಬೆಳೆಗಳ ರೋಗಗಳನ್ನು ಅಭ್ಯಾಸ ಮಾಡಿದವರು. ಅವರ ಕೋಣೆಯಲ್ಲಿ ಒಂದು ಸೂಕ್ಷ್ಮದರ್ಶಕ, ಜಂತಿಗೆ ಕಟ್ಟಿದ ಜೋಳದ ತೆನೆಗಳು, ನೆಲದ ತುಂಬ ಕಾಗದ.

ಮೊದಲ ದಿನವೇ ಅವರು ನನ್ನ ಮುಂದೆ ವಾಪಸು ಬಂದ ಒಂದು ಲೇಖನವನ್ನೂ ಪತ್ರಿಕೆಯ ನಿಯಮಗಳಿದ್ದ ಒಂದು ಹಾಳೆಯನ್ನೂ ಇಟ್ಟರು.

"ಇದನ್ನ ಓದ್ರಿ. ಆಮ್ಯಾಲೆ ಈ ಪಟ್ಟಿ ಟೈಪ್ ಮಾಡ್ರಿ. ಒಂದ್ ಚುಕ್ಕಿ ತಪ್ಪಿದ್ರ ಅವರು ಮತ್ತ ವಾಪಸ್ ಕಳಸ್ತಾರ."

ನಿಯಮ ಹೀಗಿತ್ತು. ಮೊದಲು ಬರೆದವರ ಅಡ್ಡಹೆಸರು, ಆಮೇಲೆ ಹೆಸರಿನ ಮೊದಲ ಅಕ್ಷರ, ಇಸವಿ, ಲೇಖನದ ಹೆಸರು, ಪತ್ರಿಕೆಯ ಹೆಸರನ್ನು ಗಿಡ್ಡ ಮಾಡಿ, ಸಂಪುಟ, ಪುಟ. ಪತ್ರಿಕೆಯ ಹೆಸರಿನ ಕೆಳಗೆ ಒಂದು ನೆಟ್ಟಗಿನ ಗೆರೆ ಎಳೆದರೆ ಛಾಪಖಾನೆಯವರು ಅದನ್ನು ಓರೆ ಅಕ್ಷರದಲ್ಲಿ ಜೋಡಿಸುತ್ತಾರೆ. ಸಂಪುಟದ ಅಂಕಿಯ ಕೆಳಗೆ ಅಲೆಯಂಥ ಗೆರೆ ಎಳೆದರೆ ದಪ್ಪ ಅಕ್ಷರ. ಜರ್ಮನ್ ಹೆಸರುಗಳ ತಲೆಯ ಮೇಲಿನ ಎರಡು ಚುಕ್ಕಿ ನಮ್ಮ ಟೈಪ್‌ರೈಟರಿನಲ್ಲಿ ಇರಲಿಲ್ಲ. ಅವನ್ನು ಪೆನ್ನಿನಿಂದ ಇಡಬೇಕು. ಅಂಗಡಿಯಲ್ಲಿ ಬೆಲ್ಲದ ಪೆಂಟೆ ಎಣಿಸಿ ಬೆಳೆದವನಿಗೆ ಇದೆಲ್ಲ ಮಂತ್ರ ತಂತ್ರದಂತೆ ಕಂಡಿತು. ಆದರೂ ಮಾಡಿದೆ.

ಆ ವಾರದಲ್ಲಿ ಒಬ್ಬ ಲೇಖಕರ ಮೇಲೆ ನನಗೆ ಭಾರಿ ಗೌರವ ಹುಟ್ಟಿತು. ಅವರ ಹೆಸರು ಅನಾನ್. ಹತ್ತಿಯ ಬಗ್ಗೆ ಬರೆದಿದ್ದರು, ದನದ ರೋಗದ ಬಗ್ಗೆ ಬರೆದಿದ್ದರು, ಮಿಡತೆಯ ಬಗ್ಗೆಯೂ ಬರೆದಿದ್ದರು. ಅಷ್ಟೇ ದೊಡ್ಡವರು ಆಲ್ ಎಂಬವರು. ಅವರು ಮಾತ್ರ ಒಬ್ಬರೇ ಬರೆಯುತ್ತಿರಲಿಲ್ಲ, ಯಾವಾಗಲೂ ಇನ್ನೊಬ್ಬರ ಜೊತೆಗೂಡಿ ಬರೆಯುತ್ತಿದ್ದರು. ನಾನು ಇಬ್ಬರನ್ನೂ ಅಕ್ಷರಕ್ರಮದಲ್ಲಿ ಎಲ್ಲರಿಗಿಂತ ಮೇಲೆ ಕೂರಿಸಿ ಪಟ್ಟಿ ಮಾಡಿಕೊಟ್ಟೆ.

ಸಾಹೇಬರು ಪಟ್ಟಿ ನೋಡಿದರು. ಕನ್ನಡಕ ತೆಗೆದರು. ಕಣ್ಣೊರೆಸಿಕೊಂಡು ನಗತೊಡಗಿದರು.

"ಗುರುಪಾದಪ್ಪನವರ, ಅನಾನ್ ಅಂದ್ರ ಬರದವರು ಯಾರೋ ಗೊತ್ತಿಲ್ಲ ಅಂತ ಅರ್ಥರೀ. ಎಟ್ ಆಲ್ ಅಂದ್ರ ಲ್ಯಾಟಿನ್ನಿನ್ಯಾಗ 'ಮತ್ತಿತರರು'."

ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರು ನಗು ನಿಲ್ಲಿಸಿ ಹೇಳಿದರು: "ತಿಳೀದಿದ್ದು ಕೇಳ್ರಿ. ಕೇಳೂದರಾಗ ಅಪಮಾನ ಇಲ್ಲ."

ಇದು ನಗುವಿನ ತಪ್ಪು. ಆದರೆ ಎರಡನೆಯ ವರ್ಷ ನಾನು ಮಾಡಿದ ತಪ್ಪಿಗೆ ಯಾರೂ ನಗಲಿಲ್ಲ.

ಆಗ ಕೆಲವು ಪತ್ರಿಕೆಗಳಲ್ಲಿ ಆಧಾರಗಳನ್ನು ಪುಟದ ಅಡಿಯಲ್ಲಿ ಕೊಡುವ ರೂಢಿ. ಒಂದೇ ಪುಸ್ತಕದ ಹೆಸರು ಒಂದರ ಬೆನ್ನಿಗೆ ಒಂದು ಬಂದರೆ, ಎರಡನೆಯ ಸಲ ಬರೆಯದೆ 'ಇಬಿಡ್' ಎಂದು ಹಾಕುತ್ತಿದ್ದರು. ಅಂದರೆ 'ಮೇಲೆ ಹೇಳಿದ್ದೇ'. ಟೈಪ್ ಮಾಡುವವನಿಗೆ ಎಂಥ ಸುಖ! ಕಬ್ಬಿನ ರೋಗದ ಒಂದು ಲೇಖನದ ತುಂಬ ನಾನು ಇಬಿಡ್ ಸುರಿದಿದ್ದೆ. ಕಳಿಸುವ ಹಿಂದಿನ ದಿನ ಸಾಹೇಬರು ನಡುವೆ ಒಂದು ಹೊಸ ಆಧಾರ ಸೇರಿಸಿದರು. ನಾನು ಅದನ್ನು ಅದರ ಜಾಗದಲ್ಲಿ ಟೈಪ್ ಮಾಡಿ ಲಕೋಟೆಗೆ ಹಾಕಿದೆ. ಅದರ ಕೆಳಗಿನ ಇಬಿಡ್ ಈಗ ಬೇರೆಯವರನ್ನು ತೋರಿಸುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಲೇಖನ ಅಚ್ಚಾಯಿತು. 'ಈ ಉಪಾಯ ಮಾಡಿದರೆ ಬೆಳೆಯೇ ಕೆಡುತ್ತದೆ' ಎಂದು ಯಾರೋ ಬರೆದಿದ್ದ ಮಾತು, ಹೊಸದಾಗಿ ಸೇರಿಸಿದ ಆ ಆಧಾರವನ್ನು ಬರೆದ, ಪುಣೆಯಲ್ಲಿದ್ದ ಒಬ್ಬ ಹಿರಿಯ ಅಧಿಕಾರಿಯ ಮೇಲೆ ಬಂದು ಕೂತಿತ್ತು. ಅದೇ ಉಪಾಯವನ್ನು ಅವರು ತಮ್ಮ ಜೀವಮಾನವಿಡೀ ಸಾರುತ್ತ ಬಂದವರು! ಅವರಿಂದ ಪತ್ರ ಬಂತು. 'ನಾನು ಬರೆಯದ ಮಾತನ್ನು ನನ್ನ ಹೆಸರಿನಲ್ಲಿ ಬರೆದಿದ್ದೀರಿ. ಇದು ಅಜಾಗರೂಕತೆಯೋ, ದುರುದ್ದೇಶವೋ ತಿಳಿಸಿ.'

ನಾನು ಹಳೆಯ ಪ್ರತಿ ತೆಗೆದು ನೋಡಿದೆ. ತಪ್ಪು ಯಾರದೆಂದು ಕ್ಷಣದಲ್ಲಿ ತಿಳಿಯಿತು. ಸಾಹೇಬರ ಮುಂದೆ ಹೋಗಿ ನಿಂತೆ.

"ಸಾಹೇಬ್ರ, ಇದು ನನ್ನ ತಪ್ಪರಿ. ನನ್ನ ಹೆಸರ ಬರದು ಕಳಸ್ರಿ. ನೌಕರಿ ಹೋದ್ರ ಹೋಗ್ಲಿ."

"ಲೇಖನದ ಮ್ಯಾಲೆ ಯಾರ ಹೆಸರದ?"

"ನಿಮ್ಮದರಿ."

"ಹಂಗಾದ್ರ ತಪ್ಪೂ ನಂದ. ಕೂಡ್ರಿ, ಪತ್ರ ಹೇಳ್ತೀನಿ, ಟೈಪ್ ಮಾಡ್ರಿ."

ಅವರು ಕ್ಷಮೆ ಕೇಳಿದರು, ತಿದ್ದುಪಡಿ ಅಚ್ಚು ಹಾಕಿಸಿದರು. ಆ ಪತ್ರದಲ್ಲಿ ನನ್ನ ಸುದ್ದಿಯೇ ಇರಲಿಲ್ಲ. ಅಂದಿನಿಂದ ನಾನು ಇಬಿಡ್ ಬರೆಯುವುದನ್ನೇ ಬಿಟ್ಟೆ. ಒಂದೇ ಪುಸ್ತಕ ಹತ್ತು ಸಲ ಬಂದರೂ ಹತ್ತು ಸಲ ಪೂರ್ತಿ ಬರೆದೆ. ಕಳಿಸುವ ಮುನ್ನ ಛಂದ ಮಾಡುವುದೇ ಬೇಕಾದರೆ ಕೊನೆಗೆ ಗಿಡ್ಡ ಮಾಡಬಹುದು.

ಇನ್ನೊಂದು ಬದಲಾವಣೆಯನ್ನೂ ಮಾಡಿಕೊಂಡೆ. ಉಲ್ಲೇಖಗಳನ್ನು ವಹಿಯಲ್ಲಿ ಬರೆದಿಡುವುದನ್ನು ಬಿಟ್ಟು, ಹಳೆಯ ಬೀಜದ ಲಕೋಟೆಗಳನ್ನು ಕತ್ತರಿಸಿ, ಒಂದು ಚೀಟಿಗೆ ಒಂದೇ ಉಲ್ಲೇಖ ಎಂದು ಬರೆದೆ. ನಡುವೆ ಹೊಸದು ಬಂದರೆ ಚೀಟಿ ತೂರಿಸಿದರಾಯಿತು. ಚೀಟಿಯ ಮೂಲೆಯಲ್ಲಿ, ಮೂಲ ಪುಸ್ತಕವನ್ನು ನಾವೇ ನೋಡಿದ್ದರೆ ಒಂದು ಕೆಂಪು ಗುರುತು. ಬೇರೆಯವರ ಲೇಖನದಿಂದ ಎತ್ತಿಕೊಂಡದ್ದಾದರೆ ಗುರುತಿಲ್ಲ.

ಚೀಟಿಯನ್ನು ಟೈಪ್ ಮಾಡಿದ ಪಟ್ಟಿಯೊಡನೆ ತಾಳೆ ನೋಡಲು ಇಬ್ಬರು ಬೇಕು. ಭಾನುವಾರಗಳಲ್ಲಿ ನನ್ನ ಹೆಂಡತಿ ಗಂಗವ್ವ ಕೂರುತ್ತಿದ್ದಳು. ಅವಳಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಚೀಟಿಯಲ್ಲಿದ್ದ ಆಕಾರ ಪಟ್ಟಿಯಲ್ಲೂ ಇದೆಯೋ ಇಲ್ಲವೋ ಎಂದು ಅವಳು ಬೆರಳಿಟ್ಟು ನೋಡುತ್ತಿದ್ದಳು. ರಂಗೋಲಿಯ ಚುಕ್ಕಿ ಎಣಿಸುವ ಕಣ್ಣು.

"ಇದರಾಗ ಕೋಲಿಗೆ ಎರಡ ಹೊಟ್ಟಿ ಅದಾವು, ಅದರಾಗ ಒಂದ ಐತಿ ನೋಡ್ರಿ" ಎನ್ನುತ್ತಿದ್ದಳು. ನೋಡಿದರೆ ಬಿ ಇರಬೇಕಾದಲ್ಲಿ ಪಿ ಬಿದ್ದಿರುತ್ತಿತ್ತು. ನಾನು ಅರ್ಥ ಓದಿಕೊಂಡು ಹೋಗುತ್ತಿದ್ದೆ, ಆದ್ದರಿಂದ ತಪ್ಪು ಕಾಣುತ್ತಿರಲಿಲ್ಲ. ಅವಳಿಗೆ ಅರ್ಥದ ಹಂಗಿರಲಿಲ್ಲ. ಎರಡು ವರ್ಷದಲ್ಲಿ ಅವಳು ದೂರದೇಶದ ಪಂಡಿತರ ಅಡ್ಡಹೆಸರುಗಳಿಂದಲೇ ಇಂಗ್ಲಿಷ್ ಅಕ್ಷರ ಕಲಿತುಬಿಟ್ಟಳು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ನಮ್ಮ ಕಡೆ ಜೋಳಕ್ಕೆ ಒಂದು ರೋಗ ಬೀಳುತ್ತದೆ. ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬಿಕೊಳ್ಳುತ್ತದೆ. ರೈತರು ಅದನ್ನು ಕಾಡಿಗೆ ಎನ್ನುತ್ತಾರೆ. ಕೈ ಮುಟ್ಟಿದರೆ ಕಣ್ಣಿನ ಕಾಡಿಗೆಯಂತೆಯೇ ಹತ್ತುತ್ತದೆ. ಇದಕ್ಕೆ ಮದ್ದು ಹುಡುಕುವುದು ಸಾಹೇಬರ ಬಹುದಿನದ ಆಸೆ. ನಮ್ಮ ಎರೆ ಭೂಮಿಯ ಕಪ್ಪು ಮಣ್ಣಿನಲ್ಲಿ ಆ ಪುಡಿ ನೆಲದೊಳಗೇ ಉಳಿದು, ಮುಂದಿನ ವರ್ಷದ ಬೆಳೆಗೆ ಹತ್ತುತ್ತದೆ ಎಂಬುದು ಅವರ ನಂಬಿಕೆ. ಅದಕ್ಕೆ ಆಧಾರ ಒಂದು ಹಳೆಯ ವರದಿ. ಆಮೇಲೆ ಬರೆದ ಎಲ್ಲರೂ ಆ ವರದಿಯನ್ನೂ, ಅದರ ಒಂದೇ ಪುಟವನ್ನೂ ಹೆಸರಿಸುತ್ತಿದ್ದರು. ಆದ್ದರಿಂದ ಸಾಹೇಬರು ಎರಡು ವರ್ಷದಿಂದ ನೆಲಕ್ಕೆ ಸುಣ್ಣ ಹಾಕಿಸಿ ಪ್ರಯೋಗ ನಡೆಸಿದ್ದರು.

ರೋಗದ ತೆನೆ ಆರಿಸಲು ನಾವಿಬ್ಬರೂ ಒಮ್ಮೆ ಹತ್ತಿರದ ಮಸಗುಪ್ಪಿ ಊರಿಗೆ ಹೋದೆವು. ಹೊಲ ಹೊಲಕ್ಕೂ ಕಾಡಿಗೆ. ಒಂದು ಹೊಲದಲ್ಲಿ ಮಾತ್ರ ಹುಡುಕಿದರೂ ಸಿಗಲಿಲ್ಲ. ಅದರ ಒಡತಿ ನೀಲವ್ವ ಬದುವಿನ ಮೇಲೆ ನಿಂತಿದ್ದಳು. ಐವತ್ತರ ಆಸುಪಾಸಿನ ಗಂಡನಿಲ್ಲದ ಹೆಂಗಸು, ತಾನೇ ನಿಂತು ಒಕ್ಕಲುತನ ಮಾಡಿಸುವಾಕೆ.

"ನನ್ನ ಹೊಲದಾಗ ಸಿಗಾಂಗಿಲ್ರಿ ಅದು. ನಾ ಬೀಜಾ ಬ್ಯಾರೆ ಇಡತೇನಿ" ಎಂದಳು.

"ಬೀಜದಿಂದ ಅಲ್ಲವ್ವ, ಅದು ಮಣ್ಣಿನ್ಯಾಗಿಂದ ಬರ್ತದ" ಎಂದರು ಸಾಹೇಬರು, ಬಹಳ ಸೌಮ್ಯವಾಗಿ.

"ಈ ಹೊಲದ ಮಣ್ಣೂ ಬಾಜೂ ಹೊಲದ ಮಣ್ಣೂ ಒಂದ ಅಲ್ರಿ?"

ಸಾಹೇಬರು ನಕ್ಕು ಮುಂದೆ ನಡೆದರು. ಟಿಪ್ಪಣಿಯಲ್ಲಿ 'ಆಕಸ್ಮಿಕ' ಎಂದು ಬರೆಸಿದರು. ಬರೆದವನು ನಾನೇ.

ಮರುವರ್ಷ ಲೇಖನ ಸಿದ್ಧವಾಯಿತು. ಚೀಟಿಗಳನ್ನು ಜೋಡಿಸುವಾಗ, ಇಡೀ ವಾದ ನಿಂತಿದ್ದ ಆ ಹಳೆಯ ವರದಿಯ ಚೀಟಿಗೆ ಕೆಂಪು ಗುರುತಿಲ್ಲ ಎಂದು ಕಂಡೆ. ಸಾಹೇಬರಿಗೆ ತೋರಿಸಿದೆ.

"ಎಲ್ಲಾರೂ ಬರದಾರಲ್ಲರೀ ಅದನ್ನ" ಎಂದರು.

"ಎಲ್ಲಾರೂ ಒಬ್ಬರದ್ದ ನೋಡಿ ಒಬ್ಬರು ಬರದಿದ್ರರಿ?"

ಅವರು ಚೀಟಿಯನ್ನು ನನ್ನ ಕೈಗೇ ವಾಪಸು ಕೊಟ್ಟರು. "ಪುಣೆಕ್ಕ ಹೋಗಿ ನೋಡಿ ಬರ್ರಿ" ಎಂದರು.

ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಮೀರಜ್ ದಾಟಿ ಪುಣೆ ಮುಟ್ಟಿದೆ. ಅಲ್ಲಿಯ ಗ್ರಂಥಾಲಯದ ಕಪಾಟಿನಲ್ಲಿ ಆ ವರದಿ ಧೂಳು ಹಿಡಿದು ಕೂತಿತ್ತು. ಎಲ್ಲರೂ ಹೆಸರಿಸಿದ ಪುಟ ತೆಗೆದೆ. ಕೊನೆಯ ಸಾಲಿನಲ್ಲಿ ಆ ಮಾತು ಇತ್ತು: 'ರೋಗವು ನೆಲದಲ್ಲಿ ಉಳಿದು ಬರುತ್ತದೆಂದು ತಿಳಿಯಲಾಗಿದೆ'. ನನಗೆ ಸಮಾಧಾನವಾಯಿತು. ಕೆಂಪು ಗುರುತು ಹಾಕಲು ಪೆನ್ಸಿಲ್ ತೆಗೆದೆ. ಆದರೆ ಆ ಸಾಲಿನ ಕೊನೆಗೆ ಪೂರ್ಣವಿರಾಮ ಇರಲಿಲ್ಲ. ಅಲ್ಪವಿರಾಮ ಇತ್ತು.

ಹಾಳೆ ತಿರುವಿದೆ. ಮುಂದಿನ ಪುಟದ ತಲೆಯಲ್ಲಿ ವಾಕ್ಯ ಮುಗಿದಿತ್ತು: 'ಆದರೆ ನಮ್ಮ ಪ್ರಯೋಗಗಳಲ್ಲಿ ಅದಕ್ಕೆ ಯಾವ ಆಧಾರವೂ ದೊರೆಯಲಿಲ್ಲ.'

ಮೂರು ಸಲ ಓದಿದೆ. ಎರಡೂ ಪುಟಗಳನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡೆ. ವಾಪಸು ರೈಲು ಹತ್ತಿದೆ. ಸಾಹೇಬರ ಎರಡು ವರ್ಷದ ದುಡಿಮೆ ನನ್ನ ಜೇಬಿನ ಆ ಕಾಗದದಲ್ಲಿ ಮುಳುಗಿಹೋಗಿತ್ತು. 'ಪುಸ್ತಕ ಸಿಗಲಿಲ್ಲ' ಎಂದು ಹೇಳಿದರೆ ಯಾರಿಗೆ ತಿಳಿಯುತ್ತದೆ ಎಂದೂ ಒಮ್ಮೆ ಅನ್ನಿಸಿತು. ಸುಳ್ಳು ಬರೆಯುವುದಿಲ್ಲ, ನನಗೆ ಹಾಗೆ ಅನ್ನಿಸಿದ್ದು ನಿಜ.

ಸಾಹೇಬರು ನಕಲು ಓದಿದರು. ಕಿಟಕಿಯ ಹತ್ತಿರ ಹೋಗಿ, ಸುಣ್ಣ ಹಾಕಿಸಿದ ಹೊಲವನ್ನು ನೋಡಿದರು.

"ಒಬ್ಬರೂ ಹಾಳಿ ತಿರುವಿ ನೋಡಲಿಲ್ಲಲ್ಲರೀ" ಎಂದರು. ಆಮೇಲೆ, "ನಾನೂ ತಿರುವಲಿಲ್ಲ" ಎಂದರು.

ಅವರು ಲೇಖನವನ್ನು ಮೇಜಿನ ಡ್ರಾದಲ್ಲಿ ಹಾಕಿ ಮುಚ್ಚಿದರು. ಟೊಪ್ಪಿಗೆ ತೆಗೆದುಕೊಂಡರು.

"ಗುರುಪಾದಪ್ಪನವರ, ಚಕ್ಕಡಿ ಹೂಡಸ್ರಿ. ಮಸಗುಪ್ಪಿಗೆ ಹೋಗೋಣು."

ಮೇಲಧಿಕಾರಿಗಳನ್ನು ಬಹಳ ಮಂದಿ ನೋಡಿದ್ದೇನೆ. ಕಲಿತವರನ್ನೂ ನೋಡಿದ್ದೇನೆ. ತಾನು ತಪ್ಪಿದ್ದೇನೆಂದು ತಿಳಿದ ಗಳಿಗೆಯಲ್ಲೇ ಚಕ್ಕಡಿ ಹೂಡಿಸಿದವರು ಅವರೊಬ್ಬರೇ.

ನೀಲವ್ವ ನಮ್ಮನ್ನು ನೋಡಿ ಪಡಸಾಲೆಯಲ್ಲಿ ಕಂಬಳಿ ಹಾಸಿದಳು. "ಹ್ವಾದ ವರ್ಷ ಹೇಳಿದ್ದನ್ನ ಈ ವರ್ಷ ಕೇಳಾಕ ಬಂದೀರಿ. ಕುಂದರ್ರಿ" ಎಂದಳು. ಮಾತಿನಲ್ಲಿ ಕುಹಕವಿರಲಿಲ್ಲ, ಸಂತೋಷವಿತ್ತು.

ಅವಳ ಪದ್ಧತಿ ಇಷ್ಟೇ. ಬೆಳೆ ಕೊಯ್ಯುವ ಮುಂಚೆ ಹೊಲದಲ್ಲಿ ತಿರುಗಾಡಿ, ಒಳ್ಳೆಯ ತೆನೆಗಳಿಗೆ ದಾರ ಕಟ್ಟುತ್ತಾಳೆ. ಅವನ್ನು ಮೊದಲು ಕೊಯ್ದು ಮನೆಗೆ ತರುತ್ತಾಳೆ, ಕಣಕ್ಕೆ ಒಯ್ಯುವುದಿಲ್ಲ. ಮೊರದ ಮೇಲೆ ಕೈಯಿಂದ ತಿಕ್ಕಿ ಕಾಳು ಬಿಡಿಸಿ, ಬೂದಿ ಬೆರೆಸಿ ಸೋರೆಬುರುಡೆಯಲ್ಲಿ ತುಂಬಿಡುತ್ತಾಳೆ. ಬಿತ್ತಲು ಅದೇ ಬೀಜ.

ಸಾಹೇಬರಿಗೆ ಕೂಡಲೇ ಹೊಳೆಯಿತು. ಕಣದಲ್ಲಿ ರಾಶಿ ಮಾಡುವಾಗ ರೋಗದ ತೆನೆ ಒಡೆದು, ಅದರ ಕಪ್ಪು ಪುಡಿ ಒಳ್ಳೆಯ ಕಾಳಿಗೆಲ್ಲ ಹತ್ತುತ್ತದೆ. ಇವಳ ಬೀಜ ಕಣವನ್ನೇ ಕಾಣುವುದಿಲ್ಲ. ಅವರು ಅವಳಿಂದ ಬೀಜ ಇಸಿದುಕೊಂಡರು. ಪ್ರಯೋಗ ಕ್ಷೇತ್ರದ ಒಂದು ಪಟ್ಟಿ ನೆಲದಲ್ಲಿ ಕಣದ ಬೀಜ, ಅದರ ಬಾಜೂ ಪಟ್ಟಿಯಲ್ಲಿ ನೀಲವ್ವನ ಬೀಜ ಬಿತ್ತಿಸಿದರು. ಎರಡು ಹಂಗಾಮು ನೋಡಿದೆವು. ಎರಡು ಸಲವೂ ಕಣದ ಬೀಜದ ಪಟ್ಟಿಯಲ್ಲಿ ಕೈ ಚಾಚಿದಲ್ಲಿ ಕಾಡಿಗೆ. ನೀಲವ್ವನ ಪಟ್ಟಿಯಲ್ಲಿ ಸಾಹೇಬರು ಬೆಳಗಿನಿಂದ ಮಧ್ಯಾಹ್ನದವರೆಗೆ ಸಾಲು ಸಾಲು ಹುಡುಕಿ, ಬೆವರೊರೆಸಿಕೊಳ್ಳುತ್ತ ಹೊರಗೆ ಬಂದು, "ಇಲ್ಲರೀ! ಇಲ್ಲ!" ಎಂದು ಕೂಗಿದರು. ಹಬ್ಬದ ದಿನದಂತೆ ಅವರ ಮುಖ ಅರಳಿತ್ತು.

ಹೊಸ ಲೇಖನ ಸಿದ್ಧವಾಯಿತು. ಪತ್ರಿಕೆಗೆ ಕಳಿಸುವ ಮೊದಲು ಮೇಲಿನ ಕಚೇರಿಯ ಒಪ್ಪಿಗೆ ಬೇಕಿತ್ತು. ಅಲ್ಲಿಂದ ಬಂದ ಪ್ರತಿಯಲ್ಲಿ ಎಲ್ಲ ಸರಿ ಇತ್ತು. ನೀಲವ್ವನ ಹೆಸರಿದ್ದಲ್ಲಿ ಮಾತ್ರ ಅಡ್ಡಗೆರೆ ಎಳೆದು, 'ಸ್ಥಳೀಯ ರೂಢಿ ಎಂದರೆ ಸಾಕು' ಎಂದು ಬರೆದಿತ್ತು.

ಸಾಹೇಬರು ದಣಿದಿದ್ದರು. "ಹೋಗ್ಲಿ ಬಿಡ್ರಿ. ಹಂಗ ಟೈಪ್ ಮಾಡ್ರಿ" ಎಂದರು.

ಮೇಲಿನವರ ಮಾತಿಗೆ ಎದುರಾಡಿದವನಲ್ಲ ನಾನು. ಆದರೆ ಆ ದಿನ ಕಾಲು ಕೋಣೆಯಿಂದ ಹೊರಗೆ ಹೋಗಲಿಲ್ಲ.

"ಸಾಹೇಬ್ರ, ರೂಢಿ ಅಂದ್ರ ಊರವರೆಲ್ಲಾ ಮಾಡಬೇಕಲ್ರಿ. ಮಸಗುಪ್ಪ್ಯಾಗ ಇದನ್ನ ಮಾಡಾಕಿ ಆಕಿ ಒಬ್ಬಾಕೀನ. ಬರದವರು ಗೊತ್ತಿಲ್ಲಂದ್ರ ಅನಾನ್ ಅಂತ ಹಾಕತೇವಿ. ಗೊತ್ತಿದ್ದೂ ಅನಾನ್ ಅಂತ ಹಾಕೂದ ಹೆಂಗ್ರಿ?"

ಸಾಹೇಬರು ಪೆನ್ನು ಕೆಳಗಿಟ್ಟರು. "ಖರೆ ಅದ" ಎಂದರು. "ಮ್ಯಾಲಿನವರಿಗೆ ನಾ ಬರೀತೀನಿ. ಆದರ ಉಲ್ಲೇಖ ಅಂದಮ್ಯಾಲೆ ಖಾತ್ರಿ ಬೇಕು. ಆಕಿದು ಆಕೀದ ಹೌದೋ ಅಲ್ಲೋ ಕೇಳಿಕೊಂಡು ಬರ್ರಿ. ಹೆಸರೂ ಪೂರ್ತಿ ಬರಕೊಂಡು ಬರ್ರಿ."

ಮಸಗುಪ್ಪಿಗೆ ಹೋದೆ. ನೀಲವ್ವ ಅಂಗಳದಲ್ಲಿ ಹೆಸರುಬೇಳೆ ಕೇರುತ್ತಿದ್ದಳು.

"ನೀಲವ್ವಾರ, ನಿಮ್ಮ ಅಡ್ಡಹೆಸರು ಏನ್ರಿ?"

"ಯಾವುದು ಹೇಳ್ಲಿ, ತವರಮನೀದೋ ಗಂಡನ ಮನೀದೋ?"

ಪತ್ರಿಕೆಯ ನಿಯಮದಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಎರಡೂ ಹೇಳ್ರಿ" ಎಂದೆ. ತವರಿನದು ಮಗದುಮ, ಗಂಡನ ಮನೆಯದು ಹೊಸಮನಿ. ಪುಸ್ತಕದಲ್ಲಿ ಹೆಸರು ಹಾಕುತ್ತೇವೆಂದು ತಿಳಿಸಿದಾಗ ಅವಳು ಕೇರುವುದನ್ನು ನಿಲ್ಲಿಸಿದಳು.

"ನನ್ನ ಹೆಸರು ಬ್ಯಾಡ್ರಿ. ಇದೆಲ್ಲಾ ನಮ್ಮವ್ವ ಹೇಳಿಕೊಟ್ಟದ್ದು. ಸಂಕೇಶ್ವರದಾಗ ಅದಾಳ, ಕಲ್ಲವ್ವ ಅಂತ. ಹಾಕೂದಿದ್ರ ಆಕೀದ ಹಾಕ್ರಿ."

ನನಗೆ ಪುಣೆಯ ಆ ಹಾಳೆ ನೆನಪಾಯಿತು. ಮೂಲ ನೋಡದೆ ಬರೆಯಬಾರದು. ಮುಂದಿನ ಭಾನುವಾರ ಹುಕ್ಕೇರಿಗೆ ಹೋಗಿ, ಅಣ್ಣನ ಮನೆಯಲ್ಲಿ ಊಟ ಮಾಡಿ, ಅಲ್ಲಿಂದ ಸಂಕೇಶ್ವರ ಮುಟ್ಟಿದೆ. ಕಲ್ಲವ್ವ ಹಿರಣ್ಯಕೇಶಿಯ ದಂಡೆಯ ಓಣಿಯಲ್ಲಿ ಮಗನ ಮನೆಯಲ್ಲಿದ್ದಳು. ಬೆನ್ನು ಬಾಗಿತ್ತು. ಕಿವಿ, ನಾಲಗೆ ಚುರುಕಾಗಿದ್ದವು. ನಾನು ಮಗಳ ಪದ್ಧತಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, "ಇದು ನೀವು ಕಲಿಸಿದ್ದಂತ, ಹೌದೇನ್ರಿ?" ಎಂದು ಕೇಳಿದೆ.

ಮುದುಕಿ ಬೆರಳು ಮಡಿಚುತ್ತ ಯೋಚಿಸಿದಳು. "ಬೂದಿ ಹಚ್ಚೂದು ನಂದು. ಅದನ್ನ ನಾನ ಹೇಳಿಕೊಟ್ಟೇನಿ, ಹೌದು. ದಾರಾ ಕಟ್ಟೂದು, ಮನ್ಯಾಗ ಕೈಲೆ ತಿಕ್ಕೂದು ನಾ ಎಂದೂ ಮಾಡಿಲ್ಲಪಾ. ನಾವೆಲ್ಲಾ ಬೀಜಾ ಕಣದಾಗಿಂದ ಎತ್ತಿ ಇಟ್ಟವರ. ಅದು ಆಕೀದ."

"ಖರೆ ಹೇಳ್ತೀರೇನ್ರಿ?"

"ನನ್ನ ಮಗಳ ಶಾಣ್ಯಾತನಾ ನಾ ಯಾಕ ಕಸಗೊಳ್ಳಲಿ?" ಎಂದು ಮುದುಕಿ ಗದರಿಸಿದಳು.

ವಾಪಸು ಮಸಗುಪ್ಪಿಗೆ ಹೋಗಿ ತಾಯಿಯ ಮಾತನ್ನು ನೀಲವ್ವನಿಗೆ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಕುಳಿತಳು. ನಡೆದದ್ದನ್ನು ಹೇಳಿದಳು.

ಗಂಡ ಸತ್ತ ವರ್ಷ ಊರ ಕಣದಲ್ಲಿ ಅವಳ ಪಾಳಿಯನ್ನು ಎಲ್ಲರಿಗಿಂತ ಕೊನೆಗೆ ಹಾಕಿದರಂತೆ. ಅಷ್ಟು ಹೊತ್ತಿಗೆ ಕಣವೆಲ್ಲ ಬೇರೆಯವರ ಕಾಡಿಗೆಯಿಂದ ಕಪ್ಪಾಗಿರುತ್ತಿತ್ತು. ತಿನ್ನುವ ಜೋಳವಾದರೆ ತೊಳೆಯಬಹುದು, ಬೀಜವನ್ನಾದರೂ ಸ್ವಚ್ಛ ಇಟ್ಟುಕೊಳ್ಳೋಣ ಎಂದು ಮನೆಯಲ್ಲೇ ತಿಕ್ಕತೊಡಗಿದಳು. ಮರುವರ್ಷ ಬೆಳೆಯ ಬಣ್ಣವೇ ಬೇರೆಯಾಗಿತ್ತು.

"ಮತ್ತ ಅವ್ವ ಹೇಳಿದ್ಲು ಅಂತ ಯಾಕ ಅಂದ್ರಿ?"

"ಗಂಡ ಸತ್ತಾಕಿ ತಾನ ಒಂದ್ ಹೊಸಾದು ಕಂಡೇನಿ ಅಂದ್ರ ಊರಾಗ ನಗತಾರ್ರಿ. ಅವ್ವ ಹೇಳಿದ್ಲು ಅಂದ್ರ ಯಾರೂ ಬಾಯಿ ತಗ್ಯಾಂಗಿಲ್ಲ." ನನ್ನ ಕಡೆ ತಿರುಗಿ, "ಅವ್ವ ಖರೇನ ಹಂಗ ಅಂದ್ಲೇನ್ರಿ, ಅದು ಆಕೀದ ಅಂತ?" ಎಂದು ಕೇಳಿದಳು.

"ಹೌದ್ರಿ. ನನಗ ಬೈದು ಹೇಳಿದ್ರು."

"ಹಂಗಾದ್ರ ಹಾಕ್ರಿ ನನ್ನ ಹೆಸರು" ಎಂದಳು ನೀಲವ್ವ. "ಹೊಸಮನಿ ಅಂತ ಹಾಕ್ರಿ. ಅವ್ವನ ಹೆಸರಿಗೆ ಮಗದುಮ ಹಾಕ್ರಿ, ಬೂದೀದು ಆಕೀಗೆ ಕೊಡ್ರಿ."

ಹೊಸದಾಗಿ ಕೆಲಸಕ್ಕೆ ಬಂದವರು ಈ ಒಂದು ದಿನವನ್ನು ಲಕ್ಷ್ಯದಲ್ಲಿ ಇಟ್ಟುಕೊಳ್ಳಬೇಕು. ನಾನು ಅವಳ ಮೊದಲ ಮಾತನ್ನೇ ಬರೆದು ಮುಗಿಸಿದ್ದರೆ, ವಿನಯಕ್ಕೆ ಆಡಿದ ಒಂದು ಮಾತು ಅಚ್ಚಾಗಿ ಉಳಿದುಬಿಡುತ್ತಿತ್ತು.

ಸಾಹೇಬರ ಪತ್ರಕ್ಕೆ ಮೇಲಿನ ಕಚೇರಿ ಒಪ್ಪಿತು. ಇನ್ನು ಪತ್ರಿಕೆಯ ಸಂಪಾದಕರ ಸರದಿ. ಅವರು ಒಂದು ಕಾರ್ಡು ಹಾಕಿದರು: 'ಹೊಸಮನಿ, ಎನ್. ಅವರ ಪ್ರಬಂಧದ ಇಸವಿ, ಸಂಪುಟ, ಪುಟ ತಿಳಿಸುವುದು.' ಸಾಹೇಬರು ಕಾರ್ಡನ್ನು ನನ್ನತ್ತ ಚಾಚಿ, "ಇದಕ್ಕ ನೀವ ಉತ್ತರ ಬರೀರಿ" ಎಂದರು. ಅವರು ಹೇಳಿ ಬರೆಸದೆ ನಾನೇ ಬರೆದ ಮೊದಲ ಪತ್ರ ಅದು. ಹೊಸಮನಿಯವರು ಏನನ್ನೂ ಅಚ್ಚು ಮಾಡಿಸಿಲ್ಲ, ಓದು ಬರಹ ಕಲಿತವರಲ್ಲ. ಅವರ ಕೆಲಸವನ್ನು ಅವರ ಹೊಲದಲ್ಲಿ ನೋಡಬಹುದು. ನೋಡಿದವರು ನಾವಿಬ್ಬರು. ಇಷ್ಟು ಬರೆದು, ಹೊಲದ ಗುರುತು, ನಾವು ಹೋದ ಹಂಗಾಮು ಎರಡನ್ನೂ ಟೈಪ್ ಮಾಡಿದೆ.

ಮೂರು ತಿಂಗಳ ಮೇಲೆ ಪತ್ರಿಕೆ ಬಂತು. ಪಟ್ಟಿಯ ಕೊನೆಗೆ ಒಂದು ಗೆರೆ ಎಳೆದು, ಅದರ ಕೆಳಗೆ ಅಚ್ಚಾಗಿತ್ತು: 'ಹೊಸಮನಿ, ಎನ್., ಮಸಗುಪ್ಪಿ, ಬೆಳಗಾವಿ ಜಿಲ್ಲೆ. ಸ್ವತಃ ತಿಳಿಸಿದ್ದು.' ಅದರ ಕೆಳಗೆ ಮಗದುಮ, ಕೆ., ಸಂಕೇಶ್ವರ. ಚುಕ್ಕಿ, ಅಲ್ಪವಿರಾಮ ಎಲ್ಲ ಇದ್ದಲ್ಲಿ ಇದ್ದವು. ಸಾಹೇಬರು ಒಂದು ಪ್ರತಿಯನ್ನು ನನ್ನ ಕೈಯಲ್ಲೇ ಮಸಗುಪ್ಪಿಗೆ ಕಳಿಸಿದರು. ನೀಲವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಳು. ಆದರೆ ಅವಳಿಗೆ ಹಿಗ್ಗಾದದ್ದು ಅದರಿಂದಲ್ಲ. ಆ ವರ್ಷ ಬಾಜೂ ಹೊಲದವರು ಬೀಜದ ತೆನೆಗೆ ದಾರ ಕಟ್ಟಿದ್ದರು. ಅದನ್ನು ತೋರಿಸಲು ನನ್ನನ್ನು ಬಿಸಿಲಲ್ಲಿ ಹೊಲದವರೆಗೆ ನಡೆಸಿದಳು.

ಇಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಎರಡು ವರ್ಷದ ಮೇಲೆ ಮೂಡಲಗಿಯ ಟಪಾಲಿನವನು ಒಂದು ಲಕೋಟೆ ಹಿಡಿದು ಕಚೇರಿಗೆ ಬಂದ. "ಈ ಹೆಸರಿನ ಡಾಕ್ಟರ್ ಮಸಗುಪ್ಪ್ಯಾಗ ಯಾರೂ ಇಲ್ರಿ. ನಿಮ್ಮಲ್ಲೇನರ ಅದಾರೇನು?" ಎಂದ. ಆಫ್ರಿಕದ ಅಂಚೆಚೀಟಿ. ವಿಳಾಸ: ಡಾಕ್ಟರ್ ಎನ್. ಹೊಸಮನಿ, ಮಸಗುಪ್ಪಿ. ಅಲ್ಲಿಯ ಒಬ್ಬ ಬೇಸಾಯ ಅಧಿಕಾರಿ ಬರೆದಿದ್ದರು. ತಮ್ಮಲ್ಲೂ ಜೋಳಕ್ಕೆ ಇದೇ ರೋಗ, ಮಾನ್ಯರು ದಯವಿಟ್ಟು ತಮ್ಮ ಉಳಿದ ಪ್ರಬಂಧಗಳನ್ನು ಕಳಿಸಿಕೊಡಬೇಕು.

ಪತ್ರ ತೆಗೆದುಕೊಂಡು ಹೋಗಿ ನೀಲವ್ವನಿಗೆ ಓದಿ ಹೇಳಿದೆ.

"ಡಾಕ್ಟರ್ ಅಂದ್ರ ಸೂಜಿ ಚುಚ್ಚಾಂವ ಅಲ್ರಿ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅವರ ಜ್ವಾಳಕ್ಕೂ ಕಾಡಿಗಿ ಬಿದ್ದೈತೇನು? ಪಾಪ" ಎಂದಳು.

"ಏನಂತ ಉತ್ತರ ಬರೀಲ್ರಿ?"

"ಕಾಗದ ನನ್ನ ಹಂತ್ಯಾಕ ಎಲ್ಲಿಂದ ಬರಬೇಕು? ತೆನಿ ಅದಾವು, ಕಳಸ್ರಿ. ಆದರ ಮೊದಲ ಅವರ ಹೊಲಾ ಎಂಥಾದ್ದು ಕೇಳ್ರಿ. ಕರೀ ಎರಿಯೋ ಕೆಂಪು ಮಸಾರಿಯೋ? ಅದು ತಿಳೀದ ನಾ ಏನ್ ಹೇಳ್ಲಿ?"

ಅವಳು ಹೇಳಿದಂತೆಯೇ, ಒಂದು ಮಾತನ್ನೂ ಗಿಡ್ಡ ಮಾಡದೆ, ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದೆ. ಕೆಳಗೆ ಮೊದಲಕ್ಷರದ ಬದಲು ಪೂರ್ತಿ ಹೆಸರು ಹಾಕಿದೆ: ನೀಲವ್ವ ಹೊಸಮನಿ.

ಉತ್ತರ ಬರಲು ಆರು ತಿಂಗಳು ಹಿಡಿಯಿತು. ಈ ಸಲ ವಿಳಾಸದಲ್ಲಿ ಡಾಕ್ಟರ್ ಇರಲಿಲ್ಲ, ಶ್ರೀಮತಿ ಎಂದಿತ್ತು. ಪತ್ರದಲ್ಲಿ ನಾಲ್ಕೇ ಸಾಲು, ಹೊಲ ಎಂಥದ್ದೆಂದು ತಾವೇ ನೋಡಿ ಹೇಳಬೇಕೆಂದು. ಅದರ ಜೊತೆಗೆ, ಕಾಗದದ ಸಣ್ಣ ಪೊಟ್ಟಣದಲ್ಲಿ ಒಂದು ಚಿಟಿಕೆ ಮಣ್ಣು.

ನೀಲವ್ವ ಆ ಮಣ್ಣನ್ನು ಅಂಗೈಯಲ್ಲಿ ಹಾಕಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ನಾಲ್ಕು ಹನಿ ನೀರು ಬಿಟ್ಟು, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಉಂಡೆ ಮಾಡಿದಳು. ಒಡೆದಳು, ಮತ್ತೆ ಉಂಡೆ ಮಾಡಿದಳು. ನಾನು ಪೆನ್ಸಿಲ್ ಹಿಡಿದು ಕಾಯುತ್ತಿದ್ದೆ.

"ನಮ್ಮ ಎರೀಗತೇನ ಐತಿ" ಎಂದಳು. "ನನ್ನ ಬೀಜಾ ಬೆಳೀತೈತಿ. ಹಂಗಂತ ಬರೀರಿ."